ಹಿಂದಿನ ದಿನದ ಕರೆ

ಐದನೆಯ ಸಲ ದಾರ ಎಳೆದ ನಾಗಶ್ರೀ ತಟ್ಟನೆ ಕೈ ನಿಲ್ಲಿಸಿ ನಡುಮನೆಯ ಕಡೆ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಅತ್ತೆ ಎದ್ದು ಆಗಲೇ ಒಂದು ಗಂಟೆಯಾಗಿತ್ತು. ಚಾಪೆ ಸುತ್ತಿಟ್ಟ ಸದ್ದು, ಹಿತ್ತಿಲ ನಲ್ಲಿಯಲ್ಲಿ ಮುಖ ತೊಳೆದ ಸದ್ದು, ಆಮೇಲೆ ಕಿಟಕಿಯ ಕೆಳಗೆ ಮಂಡಿ ಹಿಡಿದು ಕೂತಾಗಿನ ಒಂದು ನಿಟ್ಟುಸಿರು, ಎಲ್ಲವೂ ಒಂದರ ಹಿಂದೊಂದು ಬಂದಿದ್ದವು. ಈಗ ಅಲ್ಲಿ ಕೂತು ಎಣಿಸುತ್ತಿರಬಹುದೇ? ಈರುಳ್ಳಿಗೆ ಇಷ್ಟು ಸಲ, ಮೆಣಸಿನಕಾಯಿಗೆ ಇಷ್ಟು ಸಲ ಎಂದು? ನಾಗಶ್ರೀ ಚಾಪರಿನ ಕೆಳಗೆ ಹಾಸಿದ್ದ ಟವೆಲನ್ನು ಇನ್ನೊಂದು ಮಡಿಕೆ ಮಾಡಿದಳು. ಅಂಗೈಯಗಲದ ಹಸಿರು ಪ್ಲಾಸ್ಟಿಕ್ ಡಬ್ಬಿ, ಒಳಗೆ ಮೂರು ಅಲಗು, ಮುಚ್ಚಳದ ಬದಿಯಲ್ಲಿ ಉಂಗುರ ಕಟ್ಟಿದ ದಾರ. ಎಳೆದರೆ ಅಲಗು ಗರ್ರೆಂದು ತಿರುಗುತ್ತದೆ, ಬಿಟ್ಟರೆ ದಾರ ತಾನಾಗಿ ಒಳಗೆ ಸರಿದುಕೊಳ್ಳುತ್ತದೆ. ಸದ್ದಾಗದಿರಲೆಂದು ಮೆಲ್ಲಗೆ ಎಳೆದು ನೋಡಿದಳು. ಮೆಲ್ಲಗೆ ಎಳೆದರೆ ಈರುಳ್ಳಿ ಕತ್ತರಿಸಿಕೊಳ್ಳದೆ ಅಲಗಿನ ಜೊತೆ ಸುಮ್ಮನೆ ಸುತ್ತುತ್ತಿತ್ತು. ಎಂಟು ದಿನದಿಂದ ಇದೇ ನಡೆದಿದೆ. ಬಳಸಿದರೆ ಅತ್ತೆಯ ಕಣ್ಣೆದುರೇ ಅವರನ್ನು ಹಂಗಿಸಿದಂತೆ. ಬಳಸದೆ ಎತ್ತಿಟ್ಟರೆ, ಯಾಕೆ ಎತ್ತಿಟ್ಟೆ ಎಂದು ಅವರು ಕೇಳುವ ಮೊದಲೇ ತಪ್ಪು ಒಪ್ಪಿಕೊಂಡಂತೆ. ಚಾಕುವಿನಿಂದ ಹೆಚ್ಚಬಹುದಿತ್ತು. ಆದರೆ ಚಾಕು ಹಿಡಿದರೆ ಈಗ ಅದೂ ಒಂದು ಮಾತಿನಂತೆ ಕೇಳಿಸುತ್ತದೆ ಅನ್ನಿಸಿ, ಒಂದು ದಿನ ಇದು, ಒಂದು ದಿನ ಅದು ಎಂದು ಮಾಡುತ್ತ, ಎರಡರಲ್ಲೂ ಕಳ್ಳಿಯಂತೆ ನಿಂತಿದ್ದಳು.

"ಏನೇ ಅದು, ಟವೆಲ್ ಹಾಸಿ ಕೂಸಿಗೆ ನೀರು ಹಾಕೋರ ಹಂಗೆ ಮಾಡ್ತಿದೀಯಲ್ಲ," ಎಂದು ತಿಪ್ಪೇಶ ನಗುತ್ತ ಅಡುಗೆಮನೆಗೆ ಬಂದು ತನ್ನ ಊಟದ ಡಬ್ಬಿ ಎತ್ತಿಕೊಂಡ. ಲೈನ್‌ಮನ್ ಕೆಲಸದವನು, ಎಂಟಕ್ಕೆ ಹೊರಡಬೇಕು. ಅವಳು, "ಕಲ್ಲಿನ ಮೇಲೆ ಜಾರ್ತದೆ ರೀ," ಎಂದಳು. ಗಂಡನಿಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಾಗುವಂಥದ್ದು ಇತ್ತಾದರೂ ಏನು? ಅವನಮ್ಮ ಜಗಳವಾಡಿರಲಿಲ್ಲ, ಊಟ ಬಿಟ್ಟಿರಲಿಲ್ಲ, ಮುಖ ಊದಿಸಿಕೊಂಡಿರಲಿಲ್ಲ. ಎಂಟು ದಿನದ ಹಿಂದೆ ತಮ್ಮ ಊರಾದ ಹೊಸಬಾಳೆಯಿಂದ ವಾಪಸು ಬಂದ ಸಂಜೆ, ಅಡುಗೆಮನೆಯ ಮೂಲೆಯಲ್ಲಿ ಯಾವಾಗಲೂ ಗೋಡೆಗೆ ಒರಗಿರುತ್ತಿದ್ದ ತಮ್ಮ ಈಳಿಗೆ ಮಣೆಯನ್ನು ಒರೆಸಿ, ಅಲಗಿಗೆ ಕೊಬ್ಬರಿ ಎಣ್ಣೆ ಸವರಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಸ್ಟೂಲು ಹತ್ತಿ ಅಟ್ಟದ ಮೇಲೆ ಇಟ್ಟಿದ್ದರು, ಅಷ್ಟೆ. ಎಪ್ಪತ್ತೊಂದರ ಹೆಂಗಸು ಸ್ಟೂಲು ಹತ್ತಿದ್ದನ್ನು ನೋಡಿಯೂ ನಾಗಶ್ರೀ, "ಇಳೀರಿ ಅತ್ತೆ, ನಾನು ಇಡ್ತೀನಿ," ಅನ್ನಲಿಲ್ಲ. ಹಾಗೆ ಅಂದಿದ್ದರೆ ಅದನ್ನು ಕೈಗೆ ತಗೊಳ್ಳಬೇಕಾಗುತ್ತಿತ್ತು.

ಶಿಕಾರಿಪುರದವರು ಈಳಿಗೆ ಅನ್ನುವುದನ್ನು ಅತ್ತೆ ಸೊರಬದ ಕಡೆಯವರಂತೆ ಮೆಟ್ಟುಗತ್ತಿ ಎಂದೇ ಅನ್ನುತ್ತಿದ್ದರು. ಮಾವ ಹೂವಪ್ಪ ಹಲಸಿನ ಹಲಗೆಯಲ್ಲಿ ಮಾಡಿಸಿಕೊಟ್ಟದ್ದು. ಕೂತು ಕೂತು ಹಲಗೆಯಲ್ಲಿ ಅತ್ತೆಯ ತೊಡೆಯ ಒಂದು ತಗ್ಗು ಮೂಡಿತ್ತು. ಎಲ್ಲಿ ಮದುವೆ, ಮುಂಜಿ, ಬಸುರಿಗೆ ಮಾಡುವ ಕುಬಸ ಎಂದರೂ ಹಿಂದಿನ ದಿನ ಮಧ್ಯಾಹ್ನ ಅದನ್ನು ಗೋಣಿಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡುತ್ತಿದ್ದರು. ಆ ಕಡೆ ಹೆಚ್ಚಲು ಬರುವ ಹೆಂಗಸರು ತಮ್ಮ ತಮ್ಮ ಮೆಟ್ಟುಗತ್ತಿ ತಾವೇ ತರಬೇಕು. ಒಬ್ಬರದರ ಮೇಲೆ ಇನ್ನೊಬ್ಬರು ಕೂರುವುದಿಲ್ಲ, ಕೂತರೆ ಇಬ್ಬರಿಗೂ ಕೈ ಹೊಂದುವುದಿಲ್ಲ ಅನ್ನುತ್ತಾರೆ. ಹೋದ ವರ್ಷ ಮಾಘದಲ್ಲಿ ಸೊರಬದ ಬಸ್ಸಿನಲ್ಲಿ ಆ ಚೀಲ ಜಾರಿ, ಅಲಗಿನ ಮೂತಿ ಗೋಣಿಯಿಂದ ಹೊರಗೆ ಇಣುಕಿತ್ತು. ಕಂಡಕ್ಟರು ಟಿಕೆಟ್ ಹರಿಯುತ್ತ ನಿಂತು, "ಅಜ್ಜೀ, ಯಾರ ರುಂಡ ಹಾರಿಸಾಕ ಹೊಂಟೀಯವ್ವ?" ಎಂದ. ಅತ್ತೆ ತಡಮಾಡದೆ, "ನಿಂದಲ್ಲ ತಗ ಮಾರಾಯ, ಕುಂಬಳಕಾಯಿದು," ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತೆಯೂ ನಕ್ಕರು. ನಾಗಶ್ರೀಯೂ ನಕ್ಕಳು, ಆದರೆ ಅವಳ ಕಿವಿ ಬಿಸಿಯಾಗಿತ್ತು, ಏಕೆಂದರೆ ಮುಂದಿನ ಸೀಟಿನಲ್ಲಿ ತಿರುಗಿ ನೋಡಿದ ಹೆಂಗಸು ಅವಳ ಜೊತೆ ಸಂಜೆ ಕಾಲೇಜಿನಲ್ಲಿ ಓದಿದವಳು. ಈಗ ಹೈಸ್ಕೂಲಿನಲ್ಲಿ ಟೀಚರು. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟಿದ್ದಳು. "ಅರೆ ನಾಗಶ್ರೀ, ನಿಮ್ಮತ್ತೇನಾ ಇವರು?" ಎಂದು ಆಕೆ ಕೇಳಿದಳು. ಮುಖದಲ್ಲಿ ಇನ್ನೂ ನಗು ಉಳಿದಿತ್ತು. ನಾಗಶ್ರೀ, "ಇಲ್ಲ, ನಮ್ಮ ಊರ ಕಡೆಯೋರು," ಎಂದುಬಿಟ್ಟಳು.

ಅಷ್ಟೇ ಮಾತು. ಬಸ್ಸಿನ ಸದ್ದು ಜೋರಿತ್ತು. ಅತ್ತೆ ಕಿಟಕಿಯ ಕಡೆ ತಿರುಗಿದ್ದರು. ಕೇಳಿಸಿರಲಾರದು. ಕೇಳಿಸಿದ್ದರೆ ಇಳಿಯುವಾಗ ತನ್ನ ಕೈ ಹಿಡಿದುಕೊಳ್ಳುತ್ತಿದ್ದರೇ? ಹಿಡಿದುಕೊಂಡಿದ್ದರು. ಅಥವಾ ಕೇಳಿಸಿಯೂ ಹಿಡಿದುಕೊಂಡಿದ್ದರೆ? ಎರಡನೆಯದನ್ನು ಯೋಚಿಸಿದಾಗಲೆಲ್ಲ ನಾಗಶ್ರೀ ಆ ವಿಚಾರದಿಂದ ಎದ್ದು ಏನಾದರೂ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಪಂಚಾಯಿತಿಯ ಗ್ರಂಥಾಲಯದಲ್ಲಿ ಕೂತಿದ್ದರೆ ಎದ್ದು ಪುಸ್ತಕಗಳ ಧೂಳು ಒರೆಸುತ್ತಿದ್ದಳು. ಆ ಗ್ರಂಥಾಲಯದ ಕೆಲಸ ಸಿಕ್ಕಿದ್ದು ಸಂಜೆ ಕಾಲೇಜಿನ ಡಿಗ್ರಿಯಿಂದ. ಸಂಜೆ ಕಾಲೇಜಿಗೆ ಹೋಗಲು ಆದದ್ದು ಯಾರಿಂದ? ಮಾವ ತೀರಿಕೊಂಡು ಅತ್ತೆ ಹೊಸಬಾಳೆ ಬಿಟ್ಟು ಇವರ ಮನೆಗೆ ಬಂದ ವರ್ಷವೇ ಅವಳು ಕಾಲೇಜಿಗೆ ಸೇರಿದ್ದು. ಹೊಸದಾಗಿ ಹಣೆ ಬರಿದಾದ ಆ ಹೆಂಗಸು ಪ್ರತಿ ಸಂಜೆ ಈ ಅಡುಗೆಮನೆಯ ನೆಲದಲ್ಲಿ ಕೂತು ಮಾರನೆಯ ಬೆಳಗಿನ ಬೀನ್ಸು, ಹೀರೆಕಾಯಿ, ಎಲೆಕೋಸು ಹೆಚ್ಚಿ ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದರು. ಕಾಲೇಜಿನಿಂದ ಬಂದು ಕೈ ಹಾಕಹೋದರೆ, "ಹೋಗು, ಹೋಗು, ಓದ್ಕ. ಕೈಯಾಗೆ ಈರುಳ್ಳಿ ವಾಸ್ನೆ ಇಟ್ಕಂಡು ಎಂತ ಬರೀತಿ?" ಅನ್ನುತ್ತಿದ್ದರು. ಮೂರು ವರ್ಷ. ಆ ಮೂರು ವರ್ಷದಲ್ಲಿ ಕೈಗೆ ಈರುಳ್ಳಿಯ ವಾಸನೆ ತಾಕದಂತೆ ಓದಿದವಳು, ಓದಿನ ಗೆಳತಿಯ ಎದುರು ಹೇಳಿದ ಮಾತು ಅದು.

ಚಾಪರನ್ನು ಕೊಂಡದ್ದು ಅತ್ತೆಯ ಮಂಡಿನೋವಿಗಾಗಿ ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಸುಳ್ಳಲ್ಲ. ಅತ್ತೆಗೆ ಮಂಡಿನೋವು ಇತ್ತು. ಬಸ್ ನಿಲ್ದಾಣದ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡಾಗ ನಿಜವಾಗಿಯೂ ಅವಳ ಮನಸ್ಸಿಗೆ ಬಂದದ್ದು ಮಂಡಿಯೇ. ಆದರೆ ಅದರ ಹಿಂದೆಯೇ, ಇದು ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುತ್ತದೆ ಅನ್ನುವುದೂ ಬಂತು. ಯಾವುದು ಮೊದಲು ಬಂತು ಎಂದು ಈಗ ಎಷ್ಟು ಕೆದಕಿದರೂ ತಿಳಿಯದು. ಉಜ್ಜಪ್ಪ ಮಾವನ ಮಗಳು ಚೈತ್ರಶ್ರೀಯ ನಿಶ್ಚಿತಾರ್ಥಕ್ಕೆ ಹೊಸಬಾಳೆಗೆ ಹೊರಡುವ ಬೆಳಿಗ್ಗೆ ಅತ್ತೆ ಗೋಣಿಚೀಲ ಬಿಚ್ಚುತ್ತಿದ್ದಾಗ ಅವಳೇ ಹೇಳಿದಳು: "ಅದೆಂತಕ್ಕೆ ಅತ್ತೆ ಈ ಸಲ? ಈ ಚಾಪರೇ ಅದೆಯಲ್ಲ. ಹೊತ್ಕಂಡ್ ಹೋಗೂದು ತಪ್ಪುತ್ತೆ." ಅತ್ತೆ ಒಂದು ಗಳಿಗೆ ಚೀಲವನ್ನೂ ಅವಳ ಮುಖವನ್ನೂ ನೋಡಿದರು. ಉಜ್ಜಪ್ಪ ಅವರ ಮೈದುನ. ಅದು ಅವರು ಮದುವೆಯಾಗಿ ಬಂದ ಮನೆ. "ಹೌದನ? ಬ್ಯಾಡ ಅಂತೀಯ? ಬ್ಯಾಡ ಹಂಗಾರೆ," ಎಂದು ಚೀಲ ಮಡಿಸಿಟ್ಟರು. ಬಸ್ಸಿನಲ್ಲಿ ಅವರ ಎರಡೂ ಕೈ ಮಡಿಲಲ್ಲಿ ಸುಮ್ಮನೆ ಇದ್ದವು. ಇಬ್ಬರೂ ಸಭ್ಯ ಹೆಂಗಸರಂತೆ ಕೂತು ಸೊರಬ ತಲುಪಿದರು. ದಾರಿಯುದ್ದಕ್ಕೂ ನಾಗಶ್ರೀಗೆ ಒಂದು ಹಗುರ.

ಹೊಸಬಾಳೆಯ ಹಿತ್ತಿಲಲ್ಲಿ ಟಾರ್ಪಾಲು ಹಾಸಿತ್ತು. ಹತ್ತು ಹದಿನೈದು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಬೂದುಗುಂಬಳ, ಸೌತೆಕಾಯಿ, ಕ್ಯಾರೆಟ್ಟು ರಾಶಿ ರಾಶಿ. ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಆ ಜಾಗ ಯಾರದು ಎಂದು ಎಲ್ಲರಿಗೂ ಗೊತ್ತಿತ್ತು. ಪ್ರತಿ ಸಲವೂ ಅಲ್ಲಿ ಕೂತು ಅತ್ತೆ ಆಳುತ್ತಿದ್ದರು. "ಸಾಂಬಾರಿಗೆ ಒಂದು ಗೆಣ್ಣು, ಪಲ್ಯಕ್ಕೆ ಅರ್ಧ ಗೆಣ್ಣು, ಕೋಸಂಬರಿಗೆ ಉಗುರಿನ ತುದಿ," ಎಂದು ತೋರುಬೆರಳು ಎತ್ತಿ ಅಳತೆ ತೋರಿಸುತ್ತಿದ್ದರು. ಅಡುಗೆಯ ಮಾಸ್ತಪ್ಪ ಕೂಡ ಬಂದು, "ಅಮ್ಮಾ, ಸೌತೆಕಾಯಿ ನಿಮ್ ಕೈಯಾಗೇ ಇರ್ಲಿ," ಎಂದು ಹೋಗುತ್ತಿದ್ದ. ಒಳಗೆ ಅರಿಶಿನ ಕುಂಕುಮ, ಹೂವು, ತಟ್ಟೆ ಜೋಡಿಸುವುದು. ಅಲ್ಲಿಗೆ ಗಂಡ ಸತ್ತವರನ್ನು ಯಾರೂ ಬರಬೇಡಿ ಅನ್ನುವುದಿಲ್ಲ, ಬನ್ನಿ ಎಂದೂ ಅನ್ನುವುದಿಲ್ಲ. ಹಿತ್ತಿಲಿಗೆ ಮಾತ್ರ ಹೆಸರು ಹಿಡಿದು ಕರೆಯುತ್ತಾರೆ. ಹದಿನಾಲ್ಕು ವರ್ಷದಿಂದ ಯಾವ ಮನೆಯಿಂದ ಕರೆಯಲು ಬಂದರೂ ನಾಗಶ್ರೀಗೆ ಕುಂಕುಮ ಕೊಟ್ಟು, ಆಮೇಲೆ ಅತ್ತೆಯ ಕಡೆ ತಿರುಗಿ, "ಹಿಂದಿನ ದಿನ ಹೆಚ್ಚಾಕೆ ಬಂದುಬಿಡ್ರಿ ಅಮ್ಮ," ಅನ್ನುತ್ತಿದ್ದರು. ಅತ್ತೆಗಿದ್ದದ್ದು ಆ ಒಂದು ಕರೆ. ಇದು ನಾಗಶ್ರೀಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರ ಮನೆಯಲ್ಲಿ ಇಂಥದ್ದು ಕಂಡಾಗ ಅವಳು ಗಂಡನ ಹತ್ತಿರ ಉರಿದು ಮಾತಾಡಿದ್ದಳು.

ಆ ದಿನ ಚೈತ್ರಶ್ರೀ ಓಡಿಬಂದು, "ದೊಡ್ಡಮ್ಮಾ, ಎಲ್ಲಿ ನಿನ್ ಮೆಟ್ಟುಗತ್ತಿ?" ಎಂದಳು. "ನಮ್ ನಾಗು ಮಿಷನ್ನು ತಂದಾಳೆ," ಎಂದರು ಅತ್ತೆ. ಹೆಮ್ಮೆಯಿಂದ ಹೇಳಿದರೋ, ದೂರಿದರೋ. ಹುಡುಗಿಯರೆಲ್ಲ ನಾಗಶ್ರೀಯ ಸುತ್ತ ಮುತ್ತಿಕೊಂಡರು. ಒಬ್ಬಳು ಸಿಪ್ಪೆ ತೆಗೆಯುವುದು, ಒಬ್ಬಳು ತುಂಡು ಮಾಡಿ ಡಬ್ಬಿಗೆ ಹಾಕುವುದು, ಇವಳು ಎಳೆಯುವುದು. ಕೋಸಂಬರಿಯ ಸೌತೆ, ಕ್ಯಾರೆಟ್ಟು, ಒಗ್ಗರಣೆಯ ಈರುಳ್ಳಿ, ಎಲ್ಲ ಸಣ್ಣಗೆ ಹೆಚ್ಚುವ ಕೆಲಸ, ಎಲ್ಲ ಅತ್ತೆಯ ಕೆಲಸ, ಒಂದು ಗಂಟೆಯೊಳಗೆ ಮುಗಿದುಹೋಯಿತು. "ಅತ್ಗೆ, ನೀವು ಇಂಜಿನಿಯರ್ರೇ ಸೈ," ಎಂದು ಯಾರೋ ಅಂದರು. ಅವಳು ನಿಜಕ್ಕೂ ಸಂತೋಷಪಟ್ಟಿದ್ದಳು. ಖಾಲಿ ಬಿಟ್ಟ ಜಾಗದಲ್ಲಿ ಬರಿಗೈಯಲ್ಲಿ ಕೂರುವುದು ಸರಿಬರಲಿಲ್ಲವೇನೋ, ಅತ್ತೆ ಎದ್ದು ಟಾರ್ಪಾಲಿನ ಅಂಚಿಗೆ ಬಂದರು. ಯಾರೋ ಒಂದು ಮೊರ ಬೆಳ್ಳುಳ್ಳಿ ಸುಲಿಯಲು ಕೊಟ್ಟರು. ಒಂದು ಸಲ, "ಸಾಕು ಕಣೇ ಎಳೆದಿದ್ದು, ಸೌತೆಕಾಯಿ ನೀರು ಬಿಡ್ತದೆ," ಎಂದರು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನಾಗಶ್ರೀಗೆ ಕೇಳಿಸಿತ್ತು. ಆದರೆ ಕೈ ನಿಲ್ಲಲಿಲ್ಲ, ಇನ್ನೆರಡು ಸಲ ಎಳೆಯಿತು. ಸೌತೆಕಾಯಿ ಗೊಜ್ಜಾಯಿತು. ಅದನ್ನು ಹಸುವಿನ ಬಕೆಟ್ಟಿಗೆ ಸುರಿದು ಎಲ್ಲರೂ ನಕ್ಕರು.

ಚೈತ್ರಶ್ರೀ ಅದರ ವಿಡಿಯೋ ತೆಗೆದು ಕಳಿಸಿದ್ದಳು. ನಾಗಶ್ರೀ ಅದನ್ನು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಳು. ಆ ದಿನ ಎಷ್ಟೋ ಸಲ ನೋಡಿದಳು: ತನ್ನ ಬಳೆ ತುಂಬಿದ ಕೈ ಹಿಂದಕ್ಕೆ ಮುಂದಕ್ಕೆ ಆಡುವುದು, ಹುಡುಗಿಯರ ನಗು. ಮೂರನೆಯ ದಿನವೋ ಏನೋ, ಬಸ್ಸಿನಲ್ಲಿ ಸುಮ್ಮನೆ ಕೂತು ನೋಡುತ್ತಿದ್ದಾಗ ಚಿತ್ರದ ಎಡ ಅಂಚಿನಲ್ಲಿ ಎರಡು ಕೈ ಕಂಡವು. ಮುಖವಿಲ್ಲ, ಬರೀ ಕೈ, ಮೊರದ ಮೇಲೆ. ಬೆಳ್ಳುಳ್ಳಿ ಸುಲಿದು ಮುಗಿದಿತ್ತು. ಖಾಲಿ ಸಿಪ್ಪೆಯನ್ನು ಆ ಬೆರಳುಗಳು ಮತ್ತೆ ಮತ್ತೆ ಸುಲಿಯುತ್ತಿದ್ದವು.

ಗೇಟಿನ ಚಿಲಕ ಸದ್ದಾಯಿತು. ತಿಪ್ಪೇಶ ಹೋಗಿ ಅರ್ಧ ಗಂಟೆಯಾಗಿತ್ತು. "ಅದೀರೇನ್ರೀ ನಾಗಶ್ರೀ?" ಎಂಬ ಧ್ವನಿ ಹಿಂದಿನ ಬೀದಿಯ ಸುಮಾಳದು. ಕೈಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು, ಹೆಗಲಲ್ಲಿ ಅಕ್ಷತೆಯ ಚೀಲ, ಕರೆಯಲು ಬಂದಿದ್ದಾಳೆ. ನಾಗಶ್ರೀ ಟವೆಲ್ಲಿನ ಸಮೇತ ಚಾಪರನ್ನು ಗೋಡೆಯ ಕಡೆ ಸರಿಸಿ, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. "ನಮ್ಮ ಮಗಳು ಮೈತ್ರಿದು ಕುಬಸ ರೀ. ಭಾನುವಾರ ಮಧ್ಯಾಹ್ನ ಬಳಿ ಇಡಸೋದು, ಸೋಮವಾರ ಕುಬಸ. ಇವರಿಗೆ ಒಂದು ಕೆಲಸ ಹೇಳಿದ್ರ ಹತ್ತು ಮರೀತಾರ, ಅದ್ಕ ನಾನೇ ಮನಿಮನಿ ತಿರುಗಾಕಹತ್ತೀನಿ," ಎಂದು ಗಂಡ ಸುರೇಂದ್ರನನ್ನು ಬೈಯುತ್ತಲೇ ಸುಮಾ ಅವಳ ಹಣೆಗೆ ಕುಂಕುಮ ಇಟ್ಟಳು. ಸ್ವಲ್ಪ ಮೂಗಿನ ಮೇಲೂ ಉದುರಿತು. "ಎರಡೂ ದಿನ ತಪ್ಪಿಸಂಗಿಲ್ಲ ನೋಡ್ರಿ ಮತ್ತ."

ಕಿಟಕಿಯ ಕೆಳಗೆ ಕೂತಿದ್ದ ಅತ್ತೆ ಎದ್ದು ನಿಂತಿದ್ದರು. ಗೋಡೆ ಹಿಡಿಯದೆ ಎದ್ದಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು, ಕೈಯಲ್ಲಿ ಒರೆಸಲು ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ಇದೇ ಸುಮಾಳ ಗೃಹಪ್ರವೇಶಕ್ಕೆ ಅತ್ತೆ ಹತ್ತು ಕಿಲೋ ಬೀನ್ಸು ಒಬ್ಬರೇ ಹೆಚ್ಚಿದ್ದರು. ಕರೆಯಲು ಬಂದವರು ಗೇಟು ದಾಟುವುದರೊಳಗೆ ಅತ್ತೆ ಮೆಟ್ಟುಗತ್ತಿ ತಂದು ಇಟ್ಟಿಗೆ ಪುಡಿಯಿಂದ ಉಜ್ಜಲು ಕೂತುಬಿಡುತ್ತಿದ್ದರು. ನಾಗಶ್ರೀ ಸುಮಾಳ ಬಾಯನ್ನೇ ನೋಡುತ್ತಿದ್ದಳು. ಹೇಳು, ಹೇಳು, ಎಂದು ಅವಳ ಒಳಗೆ ಯಾರೋ ಹಲ್ಲು ಕಚ್ಚಿ ನಿಂತಿದ್ದರು.

"ಅಮ್ಮ, ಹುಷಾರದೀರಾ?" ಎಂದಳು ಸುಮಾ. "ಸೋಮವಾರ ಊಟಕ್ಕ ಬಂದುಬಿಡ್ರಿ ಮತ್ತ." ಅಷ್ಟು ಹೇಳಿ ನಾಗಶ್ರೀಯ ಕಡೆ ತಿರುಗಿದಳು. "ಮತ್ತ ಒಂದು ಕೇಳೋದಿತ್ತು ರೀ. ನಿಮ್ಮ ಸ್ಟೇಟಸ್‌ನಾಗ ನೋಡಿದೆ, ಆ ದಾರ ಎಳೆಯೋ ಚಾಪರ್ರು. ಭಾನುವಾರ ಒಂದಿನ ಕೊಡ್ರಿ. ಅದೊಂದಿದ್ರ ಯಾರನ್ನೂ ಕರೆಯೋ ತ್ರಾಸೇ ಇಲ್ಲ, ನಮ್ಮ ಹುಡುಗ್ರೇ ಮುಗಿಸಿಬಿಡ್ತಾರ."

ಈಗ ಹೇಳಬಹುದಿತ್ತು. ನಮ್ಮತ್ತೆಯನ್ನೂ ಕರೀರಿ, ಅವರ ಕೈಯ ಕೋಸಂಬರಿ ಇದರಿಂದ ಆಗಲ್ಲ, ಎಂದು. ನಗುತ್ತಲೇ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಅತ್ತೆಗೆ ಆ ಕರೆ ಬೇಕಿತ್ತು ಎಂದು ಅತ್ತೆಯ ಎದುರೇ ಬಿಚ್ಚಿಟ್ಟಂತಾಗುತ್ತದಲ್ಲ, ಬೇಡಿ ಕೊಡಿಸಿದಂತಾಗುತ್ತದಲ್ಲ, ಎಂದು ಅವಳ ತಲೆ ಆ ಕ್ಷಣದಲ್ಲೂ ಎರಡೂ ಕಡೆ ತೂಗುತ್ತಿತ್ತು. ಬಾಯಿ ಮಾತ್ರ ತೂಗಲಿಲ್ಲ. "ಅಯ್ಯೋ, ಅದರ ದಾರ ತುಂಡಾಗಿದೆ ರೀ," ಎಂದಿತು. "ಮೊನ್ನೇನೇ ಹೋಯ್ತು."

"ಹೌದಾ? ಅಯ್ಯ!" ಎಂದಳು ಸುಮಾ.

"ಎಲ್ಲಿ ತುಂಡಾಗದೆ?" ಎಂದರು ಅತ್ತೆ. ಧ್ವನಿಯಲ್ಲಿ ಕೊಂಕಿರಲಿಲ್ಲ, ಮಗುವಿನ ತಪ್ಪು ಲೆಕ್ಕ ತಿದ್ದುವವರಂತೆ ಅಂದರು. "ಈಗ ಬೆಳಿಗ್ಗೆ ಎಳೀತಿದ್ದೆಯಲ್ಲ. ನಾ ಕೇಳಿಸ್ಕಂಡೆ. ಸರೀಗೇ ಅದೆ." ಅಡುಗೆಮನೆಗೆ ಹೋಗಿ, ಟವೆಲ್ಲಿನಿಂದ ಚಾಪರನ್ನು ಬಿಡಿಸಿ, ಹೆಚ್ಚಿದ ಈರುಳ್ಳಿಯನ್ನು ತಟ್ಟೆಗೆ ಸುರಿದು, ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು ತಂದರು. ಇದುವರೆಗೆ ಅವರು ಅದನ್ನು ಮುಟ್ಟಿರಲಿಲ್ಲ. ಸುಮಾ ನಾಗಶ್ರೀಯನ್ನು ಒಂದು ಸಲ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದಳು. ಒಂದು ಪ್ಲಾಸ್ಟಿಕ್ ಡಬ್ಬಿ ಕೊಡದಿರಲು ಸುಳ್ಳು ಹೇಳುವವಳು ಎಂದು ಈ ಬೀದಿಯಲ್ಲಿ ಇನ್ನು ಎಷ್ಟು ವರ್ಷ ತನ್ನ ಹೆಸರು ಉಳಿಯಬಹುದು ಎಂದು ನಾಗಶ್ರೀ ಯೋಚಿಸಿದಳು. ಯೋಚಿಸಿದ್ದಕ್ಕೆ, ಈಗಲೂ ತನ್ನ ಹೆಸರನ್ನೇ ಯೋಚಿಸಿದ್ದಕ್ಕೆ, ಇನ್ನಷ್ಟು ಕುಗ್ಗಿದಳು. ಸುಮಾ ಕೈ ಚಾಚಿದಳು. ಅತ್ತೆ ಕೊಡಲಿಲ್ಲ.

"ಇದು ಬಾಳ ನಾಜೂಕಿಂದು ಕಣವ್ವ," ಎಂದರು. "ಹುಡುಗ್ರು ಎಳೆದ್ರೆ ದಾರ ನಿಜಕ್ಕೂ ಹೋತದೆ. ಸೌತೆಕಾಯಿಗೆ ಎಷ್ಟು, ಈರುಳ್ಳಿಗೆ ಎಷ್ಟು ಅಂತ ಲೆಕ್ಕ ಅದೆ ಇದಕ್ಕೆ. ಒಂದು ಸಲ ಜಾಸ್ತಿ ಎಳೆದ್ಯೋ, ಗೊಜ್ಜು. ನಾನೇ ತಗಂಡ್ ಬರ್ತೀನಿ ಭಾನುವಾರ."

"ನೀವ್ಯಾಕ್ರೀ ಅಮ್ಮ ಈ ವಯಸ್ಸಿನಾಗ..."

"ಮೆಟ್ಟುಗತ್ತಿ ಮೇಲೆ ಕೂರೂದಾರೆ ಕಷ್ಟ. ಇದಕ್ಕೆಂತ, ಎಳೆಯೂದು ತಾನೆ? ಒಂದು ಮೂಲ್ಯಾಗ್ ಕೂತ್ಕಂತೀನಿ." ಅತ್ತೆ ನಗುತ್ತಿದ್ದರು. ಆ ನಗುವನ್ನು ನಾಗಶ್ರೀ ಎಂದೂ ಕಂಡಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೆ ತಿರುಗಿಸಿಕೊಟ್ಟಾಗಿನ ನಗುವಲ್ಲ ಅದು. ಬಾಗಿಲಲ್ಲಿ ನಿಂತು, ಒಳಗಿನವರು ಬಾ ಅನ್ನುವ ಮೊದಲೇ ಅರ್ಧ ಹೆಜ್ಜೆ ಇಟ್ಟವರ ನಗು. ಸುಮಾ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, "ಆತು ಬರ್ರಿ ಅಮ್ಮ. ಅದಕ್ಕೇನಂತ," ಎಂದಳು. ಇನ್ನೂ ನಾಲ್ಕು ಮನೆ ಕರೆಯುವುದಿದೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಗೇಟಿನ ಚಿಲಕ ಬಿದ್ದ ಮೇಲೂ ನಾಗಶ್ರೀ ಬಾಗಿಲ ಹತ್ತಿರವೇ ನಿಂತಿದ್ದಳು. ಗ್ರಂಥಾಲಯಕ್ಕೆ ಹೊರಡುವ ಹೊತ್ತಾಗಿತ್ತು. ಒಳಗಿನಿಂದ, "ನಾಗು, ಬಾ ಇಲ್ಲಿ," ಎಂದು ಕೇಳಿಸಿತು. ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತಿದ್ದರು. ಎದುರಿಗೆ ಚಾಪರು, ಪಕ್ಕದಲ್ಲಿ ಸಿಪ್ಪೆ ತೆಗೆದ ಒಂದು ಸೌತೆಕಾಯಿ. ಅಭ್ಯಾಸಬಲದಿಂದ ಬಲಗಾಲನ್ನು ಎತ್ತಿ ಮುಂದಕ್ಕೆ ಚಾಚಿದ್ದರು. ಆ ಕಾಲು ಹಲಗೆಯನ್ನು ಹುಡುಕಿ, ಸಿಗದೆ, ನೆಲದ ಮೇಲೆ ಒಂದೆರಡು ಸಲ ತಡಕಾಡಿ, ಮೆಲ್ಲಗೆ ಮಡಿಸಿಕೊಂಡಿತು.

"ಅತ್ತೆ," ಎಂದಳು ನಾಗಶ್ರೀ. "ನೀವು ಮೆಟ್ಟುಗತ್ತೀನೇ ತಗಂಡ್ ಹೋಗಿ. ನಾನು ಇಳಿಸಿಕೊಡ್ತೀನಿ ಈಗ್ಲೇ. ನಾನೇ ಹೊತ್ಕಂಡ್ ಬರ್ತೀನಿ ಅವರ ಮನೆ ತಂಕ."

ಅತ್ತೆ ತಲೆಯೆತ್ತಲಿಲ್ಲ. "ಅದನ್ನ ಯಾರು ಕರದ್ರು?" ಎಂದರು.

ನಾಗಶ್ರೀ ಎದುರಿಗೆ ಕೂತಳು. ಸೌತೆಕಾಯಿಯನ್ನು ತುಂಡು ಮಾಡಿ ಡಬ್ಬಿಗೆ ಹಾಕಿ ಮುಚ್ಚಳ ಕೂರಿಸುವುದನ್ನು ತೋರಿಸಿದಳು. ಇಲ್ಲಿ ಹಿಡೀಬೇಕು, ಇಲ್ಲಿ ಎಳೀಬೇಕು, ಬಿಟ್ಟ ಮೇಲೆ ದಾರ ಪೂರ್ತಿ ಒಳಗೆ ಹೋಗುವ ತಂಕ ಕಾಯಬೇಕು. ಅತ್ತೆ ಶ್ರದ್ಧೆಯಿಂದ ಕೇಳಿಸಿಕೊಂಡರು. "ಸಾಂಬಾರಿಗೆ ಎಷ್ಟು?" "ಮೂರು ಸಲ ಅತ್ತೆ." "ಪಲ್ಯಕ್ಕೆ?" "ಐದು." "ಕೋಸಂಬರಿಗೆ?" "ಎಂಟು. ಸೌತೆಕಾಯಿಗಾದ್ರೆ ಆರಕ್ಕೇ ನಿಲ್ಲಿಸ್ಬೇಕು, ನೀವು ಅವತ್ತು ಹೇಳಿದ್ರಲ್ಲ, ನೀರು..." ಎಂದು ನಾಗಶ್ರೀ ಅರ್ಧಕ್ಕೆ ನಿಲ್ಲಿಸಿದಳು. ಅತ್ತೆ ಕೋಸಂಬರಿಯ ಅಳತೆಗೆ ತೋರುಬೆರಳು ಎತ್ತಿದ್ದವರು ಅದನ್ನು ಮಡಿಸಿ, "ಮೂರು, ಐದು, ಆರು," ಎಂದು ಬಾಯಿಪಾಠ ಮಾಡಿಕೊಂಡರು. "ಇನ್ನೊಂದ್ ಸಲ ಹೇಳು ಮಾರಾಯ್ತಿ. ಊರ ಕಡೆಯೋರಿಗೆ ಇದೆಲ್ಲ ಬೇಗ ತಲಿಗೆ ಹೋಗಲ್ಲ."

ಬಸ್ಸಿನಲ್ಲಿ ತಾನು ಅಂದಿದ್ದ ಆ ಮಾತಿಗೆ ನಾಗಶ್ರೀಯ ಕೈ ಮುಚ್ಚಳದ ಮೇಲೆಯೇ ನಿಂತಿತು. ಅತ್ತೆಯ ಮುಖ ನೋಡಿದಳು. ಅಲ್ಲಿ ಏನಾದರೂ ಇದ್ದಿದ್ದರೆ, ಒಂದು ಸಿಟ್ಟು, ಒಂದು ಕುಹಕ, ಕಾಲು ಹಿಡಿದುಬಿಡಬಹುದಿತ್ತು. ಅವರು ಉಂಗುರದೊಳಗೆ ಬೆರಳು ತೂರಿಸುವುದರಲ್ಲಿ ಮುಳುಗಿದ್ದರು. ಗೆಣ್ಣು ಊದಿದ ಬೆರಳು, ಉಂಗುರ ಸಣ್ಣದು. ಕೊನೆಗೆ ಎರಡು ಬೆರಳಿನ ತುದಿ ಹಿಡಿಸಿತು. ಎಳೆದರು. ಅರ್ಧ ಎಳೆದು ಕೈ ಸೋತು, ದಾರ ಸರಕ್ಕನೆ ವಾಪಸು ಹೋಯಿತು. ಮತ್ತೆ ಎಳೆದರು. ಡಬ್ಬಿ ನೆಲದ ಮೇಲೆ ಸುತ್ತಿಬಂತು. ನಾಗಶ್ರೀ ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದಳು. "ಈಗ ಎಳೀರಿ ಅತ್ತೆ." ಈ ಸಲ ಅಲಗು ತಿರುಗಿತು.

"ಕೈ ತೆಗಿ," ಎಂದರು ಅತ್ತೆ.

"ಜಾರ್ತದೆ ಅತ್ತೆ. ನಾನು ಹಿಡ್ಕಂತೀನಿ, ನೀವು ಎಳೀರಿ."

"ಅಲ್ಲಿ ನೀನು ಬಳೆ ಇಡಸೂದಕ್ಕೆ ಒಳಗಿರ್ತಿ. ಹಿತ್ಲಾಗೆ ಯಾರು ಹಿಡೀತಾರೆ? ಕೈ ತೆಗಿ."

ನಾಗಶ್ರೀ ಕೈ ತೆಗೆದಳು. ತೆಗೆದ ಕೈಯನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ಅಲ್ಲಿಂದ ನೆಲಕ್ಕೆ ಊರಿದಳು. ಅತ್ತೆ ಎಡ ಮೊಣಕೈಯನ್ನು ಮುಚ್ಚಳದ ಮೇಲೆ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಬಗ್ಗಿದರು. ಬಿಳಿಯ ಬೈತಲೆ ನಾಗಶ್ರೀಯ ಕಣ್ಣಿನ ಎದುರಿಗೆ ಬಂತು. ಅವಳ ಮೂಗಿನ ಮೇಲೆ ಉದುರಿದ್ದ ಕುಂಕುಮ ಬೆವರಿಗೆ ಒದ್ದೆಯಾಗಿ ತುರಿಸುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ನಂಗೆ ಎಳೆಯೂದರಾಗೆ ಲೆಕ್ಕ ತಪ್ತದೆ," ಎಂದರು ಅತ್ತೆ, ಬಗ್ಗಿದಲ್ಲಿಂದಲೇ. "ನೀನು ಎಣ್ಸು."

ಕೆಳಗೆ ಟವೆಲ್ಲಿರಲಿಲ್ಲ. ಬರಿಯ ನೆಲದ ಮೇಲೆ ಡಬ್ಬಿ ಗಡಗಡನೆ ಅದುರಿತು. ಆ ಸದ್ದು ನಡುಮನೆ ದಾಟಿ, ತೆರೆದ ಬಾಗಿಲಿನಿಂದ ಬೀದಿಗೆ ಹೋಯಿತು.

"ಒಂದು," ಎಂದಳು ನಾಗಶ್ರೀ.